ಬುಟ್ಟಿ ತೊಳೆಯುವ ಪ್ರೀತಿ



ಆಕಾಶದ ಹಕ್ಕಿಗಳನ್ನು ಗಮನಿಸಿ ನೋಡಬೇಕೆಂದು ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳಿದರು. ಅಮೆರಿಕ, ಕೆನಡಾಗಳ ಎಷ್ಟೋ ಕುಟುಂಬಗಳು ಚಳಿಗಾಲದಲ್ಲಿ ಈ ಮಾತನ್ನು ಅಕ್ಷರಶಃ ಪಾಲಿಸುತ್ತವೆ. ಹಿತ್ತಲಲ್ಲಿ ಕಾಳು ತುಂಬಿದ ಬುಟ್ಟಿಗಳನ್ನು ತೂಗುಹಾಕಿ, ಹಿಮದ ನಡುವೆ ಬಂದು ತಿನ್ನುವ ಫಿಂಚ್ ಹಕ್ಕಿಗಳನ್ನು ಕಿಟಕಿಯಿಂದ ನೋಡಿ ಸಂತೋಷಪಡುತ್ತವೆ. ಈ ಹಕ್ಕಿಗಳಿಗೆ ಬಲು ಇಷ್ಟವಾದ ಕಾಳು ಯಾವುದು ಗೊತ್ತೇ? ನಾವು ಚಟ್ನಿಪುಡಿ ಮಾಡುವ ಹುಚ್ಚೆಳ್ಳು! ಭಾರತ, ಇಥಿಯೋಪಿಯಗಳಿಂದ ಅದು ಅಲ್ಲಿಗೆ ಹೋಗುತ್ತದೆ.

ಪೈನ್ ಸಿಸ್ಕಿನ್ ಎಂಬ ಫಿಂಚ್ ನಮ್ಮ ಗುಬ್ಬಚ್ಚಿಗಿಂತಲೂ ಚಿಕ್ಕದು. ಮೈಯೆಲ್ಲ ಕಂದುಗೆರೆ, ರೆಕ್ಕೆಯಲ್ಲಿ ತುಸು ಹಳದಿ. ಉತ್ತರದ ಕಾಡುಗಳಲ್ಲಿ ಸ್ಪ್ರೂಸ್ ಮೊದಲಾದ ಮರಗಳು ಬೀಜ ಬಿಡದ ವರ್ಷ ಇವು ಹಿಂಡುಹಿಂಡಾಗಿ ದಕ್ಷಿಣಕ್ಕೆ ಹೊರಡುತ್ತವೆ. 2020ರ ಕೊನೆಯಲ್ಲಿ ಹೀಗೆ ಅಪಾರ ಸಂಖ್ಯೆಯಲ್ಲಿ ಬಂದವು. ಜನ ಹಿಗ್ಗಿ ಬುಟ್ಟಿ ತುಂಬಿದರು. 2021ರ ಆರಂಭದಲ್ಲಿ ಅವೇ ಬುಟ್ಟಿಗಳ ಕೆಳಗೆ ಹಕ್ಕಿಗಳು ಸತ್ತು ಬೀಳತೊಡಗಿದವು.

ಕಾರಣ ಸಾಲ್ಮೊನೆಲ್ಲಾ ಎಂಬ ರೋಗಾಣು. ಒಂದೇ ಕಡೆ ಗುಂಪುಗೂಡಿದ ಹಕ್ಕಿಗಳ ಹಿಕ್ಕೆ ಕಾಳಿಗೆ ತಗಲಿ ರೋಗ ಹರಡಿತು. ರೋಗ ಬಂದ ಹಕ್ಕಿ ಗರಿ ಉಬ್ಬಿಸಿಕೊಂಡು ಸುಮ್ಮನೆ ಕೂರುತ್ತದೆ, ಹತ್ತಿರ ಹೋದರೂ ಹಾರುವುದಿಲ್ಲ. ನೋಡುವವರಿಗೆ ಅದು ಸಲಿಗೆಯಂತೆ ಕಾಣಬಹುದು. ನಿಜವಾಗಿ ಅದು ಸಂಕಟ. ಆ ವರ್ಷ 12 ರಾಜ್ಯಗಳಲ್ಲಿ 29 ಮಂದಿ ಮನುಷ್ಯರಿಗೂ ರೋಗ ತಗಲಿತು. ವಾಷಿಂಗ್ಟನ್ ರಾಜ್ಯದ ವನ್ಯಜೀವಿ ಇಲಾಖೆ, ಕೆಲಕಾಲ ಬುಟ್ಟಿಗಳನ್ನು ಇಳಿಸಿಬಿಡಿ, ಹಕ್ಕಿಗಳು ಚದುರಲಿ ಎಂದು ಜನರನ್ನು ಕೇಳಿಕೊಂಡಿತು.

ಚಳಿಯಲ್ಲಿ ಹಸಿದು ಬಂದವರ ಮುಂದಿನಿಂದ ಊಟ ತೆಗೆಯುವುದು ಪ್ರೀತಿಯೇ? ಪ್ರೀತಿಯೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸುತ್ತಾರೆ. ಬುಟ್ಟಿ ತುಂಬಿದಾಗ ನನಗಾಗುವ ಸಂತೋಷ ಬೇರೆ, ಹಕ್ಕಿಗಾಗುವ ಒಳಿತು ಬೇರೆ. ಎರಡೂ ಜೊತೆಗೂಡಿ ಬಂದಾಗ ವ್ಯತ್ಯಾಸ ತಿಳಿಯುವುದಿಲ್ಲ. ಅಗಲಿದಾಗ ಯಾವುದನ್ನು ಹಿಡಿಯುತ್ತೇವೆ ಎಂಬುದರಲ್ಲೇ ಪ್ರೀತಿಯ ಪರೀಕ್ಷೆ ಇದೆ.

ನಮ್ಮ ಮನೆಗಳಲ್ಲೂ ಈ ಪರೀಕ್ಷೆ ಉಂಟು. ಕುಡಿತಕ್ಕೆ ಬಿದ್ದ ಮಗನ ಕೈಗೆ ತಾಯಿ ಕಣ್ಣೀರಿಡುತ್ತಲೇ ಹಣ ಕೊಡುತ್ತಾಳೆ. ಕೊಡದಿದ್ದರೆ ಅವಳ ಹೃದಯ ನೋಯುತ್ತದೆ, ಕೊಟ್ಟರೆ ಮಗನ ಬದುಕು ಹಾಳಾಗುತ್ತದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಅವನನ್ನು ಚಿಕಿತ್ಸೆಗೆ ಕರೆದೊಯ್ದರೆ ಅದು ಕಠಿಣ ಹೃದಯವಲ್ಲ.

ಆದರೆ ಇದನ್ನು ಜಿಪುಣತನಕ್ಕೆ ನೆಪ ಮಾಡಿಕೊಳ್ಳಬೇಡಿ. ಅಲ್ಲಿನವರು ಬುಟ್ಟಿ ಇಳಿಸಿದ್ದು ಎಸೆಯುವುದಕ್ಕಲ್ಲ. ತೊಳೆದು, ಒಣಗಿಸಿ, ಸಮಯ ಬಂದಾಗ ಮತ್ತೆ ತೂಗುಹಾಕುವುದಕ್ಕೆ. ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕೆಂದು ಪಕ್ಷಿತಜ್ಞರು ಹೇಳುತ್ತಾರೆ. ಕಾಳು ಹಾಕುವುದು ಒಂದು ನಿಮಿಷದ ಕೆಲಸ. ಕೊರೆಯುವ ಚಳಿಯಲ್ಲಿ ಹಿಕ್ಕೆ ಉಜ್ಜಿ ತೆಗೆಯುವುದು ಯಾರೂ ನೋಡದ, ಯಾರೂ ಹೊಗಳದ ಕೆಲಸ.

ಕಡೆಯ ಭೋಜನದ ರಾತ್ರಿ ನಮ್ಮ ಪ್ರಭು ರೊಟ್ಟಿಯನ್ನು ಮುರಿದು ಕೊಟ್ಟರು. ಅದೇ ರಾತ್ರಿ ನಡುವಿಗೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನೂ ತೊಳೆದರು. ಉಣಿಸುವ ಕೈಯೇ ತೊಳೆಯುವ ಕೈಯೂ ಆಗಿತ್ತು. ನಮ್ಮ ಕೈಗಳೂ ಹಾಗೆಯೇ ಆಗಲೆಂದು ಈ ವಾರ ಪ್ರಾರ್ಥಿಸೋಣ.