ಸೆರೆಮನೆಯೊಳಗಿನ ದಾಸೋಹ

ಅನ್ನವಿಕ್ಕುವುದೊಂದೇ ದಾಸೋಹವಲ್ಲ. ಅಲೆಕ್ಸಾಂಡರ್ ಮೆಕ್‌ಲೀನ್ ಎಂಬ ಹದಿನೆಂಟರ ಆಂಗ್ಲ ತರುಣ 2004ರಲ್ಲಿ ಆಫ್ರಿಕಾದ ಉಗಾಂಡಕ್ಕೆ ರೋಗಿಗಳ ಸೇವೆಗೆಂದು ಹೋದವನು, ರಾಜಧಾನಿ ಕಂಪಾಲದ ಲುಜಿರ ಸೆರೆಮನೆಯನ್ನು ಹೊಕ್ಕ. ಮೊದಲು ಔಷಧೋಪಚಾರ, ಬಳಿಕ ಗ್ರಂಥಾಲಯ. 2007ರಲ್ಲಿ ಈ ಸೇವೆಗೆ ಒಂದು ಸಂಸ್ಥೆಯನ್ನೇ ಕಟ್ಟಿದ.

ಕೊಲೆಗಡುಕನಿಗೆ ಓದು ಏತಕ್ಕೆ ಎನ್ನುವಿರೇನು? ವಕೀಲನ ಮುಖವನ್ನೇ ಕಾಣದೆ ಕೊಳೆಯುವವರು ಅಲ್ಲಿ ಬಹಳ. ಅದಕ್ಕೆಂದೇ ಲಂಡನ್ ವಿಶ್ವವಿದ್ಯಾಲಯದ ಕಾನೂನು ಪಾಠ ಗೋಡೆಯೊಳಗೆ ಬಂದಿತು. ಕೈದಿಯೂ ಕಾವಲುಗಾರನೂ ಒಂದೇ ತರಗತಿಯಲ್ಲಿ ಕುಳಿತರು!

ಸುಸಾನ್ ಕಿಗುಲ ಗಲ್ಲಿಗೆ ಗುರಿಯಾಗಿದ್ದವಳು. ಆಕೆಯೂ 417 ಸಂಗಡಿಗರೂ ಹೂಡಿದ ದಾವೆಯಿಂದ, ಗಲ್ಲು ಕಡ್ಡಾಯವೆಂಬ ಕಟ್ಟಳೆ 2009ರಲ್ಲಿ ಬಿದ್ದುಹೋಗಿತ್ತು. ತಾನು ಉಳಿದೆನೆಂದು ಸುಮ್ಮನಾಗದೆ, ಆ ತಾಯಿ ಸೆರೆಯಲ್ಲೇ ಕಾನೂನು ಕಲಿತು ಜೊತೆಯ ಹೆಂಗಸರಿಗೆ ನೆರವಾದಳು. 2016ರಲ್ಲಿ ಬಿಡುಗಡೆಯಾದಳು.