ಬದುಕಿ ಬಂದ ವೀರ

ಸತ್ತವರ ಗುಣಗಾನ ಸುಲಭದ ಕೆಲಸವೆಂದು ನಾನು ಬಹುಕಾಲ ನಂಬಿದ್ದೆನು. ಹೋದ ತಿಂಗಳು ಮಾನ್ವಿಯಲ್ಲಿ ನಿವೃತ್ತ ಸೈನಿಕರೊಬ್ಬರ ಶ್ರದ್ಧಾಂಜಲಿ ಸಭೆಗೆ ಹೋಗಿಬಂದ ಮೇಲೆ ಆ ನಂಬಿಕೆ ಸಡಿಲವಾಗಿದೆ.

ಅವರು ಮೂಲತಃ ದೇವದುರ್ಗದ ಕಡೆಯವರು. ಸೈನ್ಯದಲ್ಲಿದ್ದುದು ಹದಿನೇಳು ವರ್ಷ. ಹಿಂತಿರುಗಿ ಮಾನ್ವಿಯಲ್ಲಿ ಬಾಳಿದುದು ಅದರ ಎರಡರಷ್ಟು ಕಾಲ. ಈ ಎರಡನೆಯ ಅವಧಿಯಲ್ಲಿ ಮಾಡಿದುದೇನು? ವಿಧವೆಯರ, ಮುದುಕರ ಅರ್ಜಿಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ರಾಯಚೂರಿನ ಬಸ್ಸು ಹತ್ತುತ್ತಿದ್ದರು. ಕೆಲಸವಾಗದೆ ಸಂಜೆ ಹಿಂತಿರುಗಿ, ಮರುವಾರ ಮತ್ತೆ ಹತ್ತುತ್ತಿದ್ದರು. ಅಷ್ಟೆ. ಸಭೆಯಲ್ಲಿ ಮಾತನಾಡಿದ ಐವರಲ್ಲಿ ನಾಲ್ವರು ಗಡಿಯ ಹಿಮವನ್ನೂ ಗುಂಡಿನ ಸದ್ದನ್ನೂ ವರ್ಣಿಸಿದರು. ಚೀಲದ ಮಾತನ್ನು ಎತ್ತಿದವರು ಒಬ್ಬರೇ, ಅದೂ ಹೊತ್ತು ಮೀರಿದ ಮೇಲೆ. ಆ ನಾಲ್ವರಲ್ಲಿ ನಾನೂ ಒಬ್ಬನಾಗಿದ್ದೆನು.

ಏಕೆ ಹೀಗೆ? ವೀರನನ್ನು ಗೌರವಿಸುವ ಹಳೆಯ ಪದ್ಧತಿಯೊಂದು ನಮ್ಮಲ್ಲುಂಟು. ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೆ ಊರವರು ವೀರಗಲ್ಲು ನಿಲ್ಲಿಸಿದರು: ಕೆಳಗೆ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತುರುಗಳನ್ನು ಬಿಡಿಸಿಕೊಂಡು ಬದುಕಿ ಬಂದು, ಮೂವತ್ತು ವರ್ಷ ಊರಿನ ಕೆಲಸ ಮಾಡಿದವನ ಕಲ್ಲನ್ನು ನಾನು ಎಲ್ಲಿಯೂ ಕಂಡಿಲ್ಲ.

ದೊಡ್ಡವರ ವಿಷಯದಲ್ಲಿಯೂ ಹೀಗೆಯೇ. ಕೊಡಗಿನ ಕಾರ್ಯಪ್ಪನವರನ್ನೇ ನೋಡಿ. ೧೯೬೫ರ ಯುದ್ಧದಲ್ಲಿ ಮಗ ಪಾಕಿಸ್ತಾನದ ಸೆರೆಯಾದಾಗ ಅವನೊಬ್ಬನಿಗೇ ರಿಯಾಯಿತಿ ಬೇಡವೆಂದರೆಂಬ ಕಥೆ ಎಲ್ಲರ ಬಾಯಲ್ಲಿದೆ. ಆದರೆ ೧೯೫೩ರಲ್ಲಿ ಸೇನೆಯಿಂದ ನಿವೃತ್ತರಾಗಿ ೧೯೯೩ರಲ್ಲಿ ತೀರಿಕೊಳ್ಳುವವರೆಗಿನ ನಲವತ್ತು ವರ್ಷಗಳಲ್ಲಿ ಅವರು ಮಾಜಿ ಸೈನಿಕರ ಬದುಕಿಗಾಗಿ ದುಡಿದುದನ್ನು, ೧೯೬೪ರಲ್ಲಿ ಅಂಥವರಿಗಾಗಿ ಅಖಿಲ ಭಾರತ ಸಂಘವೊಂದನ್ನು ಕಟ್ಟಿದುದನ್ನು ಎಷ್ಟು ಜನ ಬಲ್ಲರು?

ಇದು ಬರಿಯ ಮರೆವಲ್ಲ, ಜಾಣತನವೆಂದು ನನ್ನ ಗುಮಾನಿ. ರಣರಂಗವನ್ನು ಹೊಗಳಿದರೆ ಹೊಗಳಿದವನಿಗೆ ಖರ್ಚಿಲ್ಲ. ಈ ವಯಸ್ಸಿನಲ್ಲಿ ನನ್ನನ್ನು ಯಾರೂ ಗಡಿಗೆ ಕರೆಯುವುದಿಲ್ಲ. ಚೀಲವನ್ನು ಹೊಗಳಿದರೆ ಮಾತ್ರ ತೊಡಕು. ನಾನಿರುವುದು ರಾಯಚೂರಿನಲ್ಲೇ; ಅವರು ಬಸ್ಸು ಹತ್ತಿ ಬರುತ್ತಿದ್ದ ಕಚೇರಿ ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಸೈನ್ಯದಲ್ಲಿ ಅವರಿಗೆ ಅಪ್ಪಣೆ ಕೊಡುವವರಿದ್ದರು. ಇಲ್ಲಿ ಯಾರೂ ಕೊಡಲಿಲ್ಲ. ಪಿಂಚಣಿ ಬರುತ್ತಿದ್ದಿತು, ಕಟ್ಟೆಯ ಮೇಲೆ ಕುಳಿತು ಯುದ್ಧದ ಕಥೆ ಹೇಳಿಕೊಂಡಿದ್ದರೆ ನಾವು ಅಷ್ಟೇ ಗೌರವ ಕೊಡುತ್ತಿದ್ದೆವು.

ನಾವು ಸದಾ ಹೀಗೆಯೇ ನಡೆದುಕೊಂಡೆವೆಂದೂ ಅಲ್ಲ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿದ ಶಾಸನ ೧೯೧೫ರಲ್ಲಿ ದೊರೆತುದು ನಮ್ಮ ಜಿಲ್ಲೆಯ ಮಸ್ಕಿಯಲ್ಲಿ. ಕಳಿಂಗವನ್ನು ಗೆದ್ದ ಆ ಅರಸನನ್ನು ನಾವು ಶಾಲೆಯಲ್ಲಿ ಕಲಿತದ್ದು ದಾರಿಯ ಎರಡು ಬದಿಗೂ ಸಾಲುಮರ ನೆಡಿಸಿದವನೆಂದು. ನಗು ಬರುವಷ್ಟು ಸಲ ಉರುಹೊಡೆದ ಪಾಠ! ಅದರಲ್ಲಿ ವಿವೇಕವಿದ್ದಿತೆಂದು ಈಗ ತೋರುತ್ತದೆ.

ಸಭೆ ಮುಗಿದು ಚಪ್ಪಲಿ ಹುಡುಕುತ್ತಿದ್ದಾಗ ಮುದುಕಿಯೊಬ್ಬಳು ಕಾಗದವೊಂದನ್ನು ಹಿಡಿದುಕೊಂಡು ಬಂದಳು. “ಮಿಲ್ಟ್ರಿ ಸಾಹೇಬ್ರು ಹೋದ್ರು. ಇದನ್ನ ಇನ್ನ ಯಾರು ಒಯ್ತಾರೋ ಯಪ್ಪಾ?” ಎಂದಳು. ವಿಧವಾ ವೇತನದ ಅರ್ಜಿ. ಅರ್ಧ ತುಂಬಿತ್ತು, ಅಕ್ಷರ ಅವರದೇ. ಭಾಷಣ ಮಾಡಿದ ಬಾಯಿಂದ ಇಲ್ಲವೆನ್ನಲಾಗದೆ ತೆಗೆದುಕೊಂಡೆನು. ಉಳಿದರ್ಧವನ್ನು ತುಂಬಿ ಒಮ್ಮೆ ಕಚೇರಿಗೆ ಹೋಗಿಬಂದೆನು, ಗುಮಾಸ್ತರು ರಜೆಯಲ್ಲಿದ್ದರು. ಸೋಮವಾರ ಮತ್ತೆ ಹೋಗಬೇಕು.