ಕೊಂಡವನು ಕೊಡಲಾರದ ವಸ್ತು

ಒಂದು ವಸ್ತು ನಮ್ಮದು ಎಂದು ಯಾವಾಗ ಹೇಳಬಹುದು? ಕಾಸು ಕೊಟ್ಟು ತಂದಾಗ ಎಂದು ಅಂಗಡಿಯವನು ಹೇಳುತ್ತಾನೆ. ಬಳಸಿ ಸವೆಸಿದಾಗ ಎಂದು ದುಡಿಯುವವನು ಹೇಳುತ್ತಾನೆ. ನಾವು ಇನ್ನೊಂದು ಮಾತು ಸೇರಿಸುತ್ತೇವೆ: ಅದನ್ನು ಮತ್ತೊಬ್ಬರ ಕೈಗೆ ಕೊಡಲು ಯಾರ ಅಪ್ಪಣೆಯೂ ಬೇಡವಾದಾಗ ಅದು ನಮ್ಮದು. ಈ ಮಾತು ನಮ್ಮ ಹಟ್ಟಿಯ ಮುದುಕಿಯರಿಗೆ ಪುಸ್ತಕ ಓದದೆಯೂ ಗೊತ್ತಿತ್ತು. ಹಳಸಿದ ಅನ್ನ, ಹರಿದ ಸೀರೆ ಇಸಕೊಳ್ಳೋದಕ್ಕೆ ನಮಗೆ ಯಾರ ತಕರಾರೂ ಇರಲಿಲ್ಲ. ನಾವು ಕೊಟ್ಟದ್ದನ್ನು ಊರಿನವನು ಮುಟ್ಟೋದಿಲ್ಲ ಅನ್ನೋದರಲ್ಲೇ ಜಾತಿ ಇತ್ತು. ಹಾಗಾಗಿ ಕೊಡುವ ಹಕ್ಕು ಎಂದರೆ ನಮ್ಮ ಪಾಲಿಗೆ ಬರೀ ಔದಾರ್ಯದ ಪ್ರಶ್ನೆಯಲ್ಲ, ಮನುಷ್ಯರಾಗುವ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಇಲ್ಲಿ ಎತ್ತುತ್ತಿರುವುದು ಕಂಪ್ಯೂಟರಿನ ವಿಷಯದಲ್ಲಿ. ಭೂಮಿ, ಬಾವಿ, ಗುಡಿ ಬಾಗಿಲು ಬಿಟ್ಟು ಇದೇನು ಪ್ಯಾಟೆ ಮಾತು ಎಂದು ಕೆಲವು ಗೆಳೆಯರು ಮೂಗು ಮುರಿಯಬಹುದು. ಮುರಿಯಲಿ. ಜಾತಿ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಇವತ್ತು ಆ ಪೆಟ್ಟಿಗೆಯ ಮೂಲಕವೇ ಹಾದು ಬರಬೇಕು. ಹಳೆಯ ಶಾನುಭೋಗರ ಚಾವಡಿ ಈಗ ಅಲ್ಲಿದೆ.

ಅಂಗಡಿಯಿಂದ ಕಂಪ್ಯೂಟರ್ ತಂದಾಗ ನಾವು ತರೋದು ಎರಡು ವಸ್ತು. ಒಂದು ಕಣ್ಣಿಗೆ ಕಾಣುವ ಯಂತ್ರ. ಇನ್ನೊಂದು ಅದರೊಳಗೆ ಕೂತು ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್. ಎರಡನೆಯದಿಲ್ಲದಿದ್ದರೆ ಮೊದಲನೆಯದು ತಗಡಿನ ಡಬ್ಬ. ಮನೆ, ಆಫೀಸಿನ ಬಹುಪಾಲು ಡಬ್ಬಗಳಲ್ಲಿ ಇರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. ಅದರ ದುಡ್ಡು ಯಂತ್ರದ ಬೆಲೆಯೊಳಗೇ ಸೇರಿರುತ್ತದೆ. ಮೊದಲ ಸಲ ಚಾಲೂ ಮಾಡಿದಾಗ ತೆರೆಯ ಮೇಲೆ ಉದ್ದನೆಯ ಕರಾರುಪತ್ರ ಬರುತ್ತೆ, ಕೆಳಗೆ ಒಪ್ಪಿದೆ ಎನ್ನುವ ಗುಂಡಿ. ಒತ್ತದಿದ್ದರೆ ಮುಂದಕ್ಕೆ ದಾರಿಯಿಲ್ಲ. ನಮ್ಮ ಅಜ್ಜಂದಿರು ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ಓದಲು ಬಾರದೆ. ನಾವು ಡಿಗ್ರಿ ಮಾಡಿಯೂ ಓದದೆ ಒತ್ತುತ್ತೇವೆ.

ಓದಿದರೆ ಅಲ್ಲಿ ಏನಿದೆ? ಈ ತಂತ್ರಾಂಶವನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಮಾತ್ರ ಕೊಟ್ಟಿದ್ದೇವೆ ಎಂದಿದೆ. ಪರವಾನಗಿ ಎಂದರೆ ಅನುಮತಿ. ಬಂದೂಕಿಗೆ ಲೈಸನ್ಸ್ ಕೇಳಿದ್ದೆವು, ಹೆಂಡದಂಗಡಿಗೆ ಲೈಸನ್ಸ್ ಕೇಳಿದ್ದೆವು. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡದ್ದಕ್ಕೂ ಕೊಟ್ಟವನ ಅನುಮತಿ ಹಿಂದೆ ಹಿಂದೆಯೇ ಬರೋದನ್ನು ಇಲ್ಲೇ ಕಂಡದ್ದು.

ಯಂತ್ರದ ಜೊತೆಗೇ ಬಂದ ವಿಂಡೋಸ್ ಆ ಯಂತ್ರಕ್ಕೆ ಕಟ್ಟಿದ್ದು. ಯಂತ್ರ ಮಾರಿದರೆ ಅದೂ ಜೊತೆಯಲ್ಲಿ ಹೋಗಬಹುದು, ಬಿಡಿಸಿಕೊಂಡು ಬೇರೆ ಯಂತ್ರಕ್ಕೆ ಹಾಕುವ ಹಾಗಿಲ್ಲ. ಯಂತ್ರ ಸುಟ್ಟುಹೋದರೆ ಅದೂ ಸತ್ತಂತೆಯೇ. ಇನ್ನು ಬಿಡಿಯಾಗಿ, ಹೆಚ್ಚು ದುಡ್ಡು ಕೊಟ್ಟು ಕೊಂಡದ್ದು. ಅದನ್ನು ಒಂದು ಯಂತ್ರದಿಂದ ಅಳಿಸಿ ನಮ್ಮದೇ ಇನ್ನೊಂದು ಯಂತ್ರಕ್ಕೆ ಹಾಕಿಕೊಳ್ಳಬಹುದು. ಬೇರೆಯವರ ಯಂತ್ರಕ್ಕೂ ಕೊಡಬಹುದು, ಆದರೆ ವಿಂಡೋಸ್ 10ರ ಕರಾರಿನಲ್ಲಿ ಒಂದು ಕೊಕ್ಕೆ ಇದೆ: ಹಾಗೆ ಕೊಡುವವನು ಮೊದಲ ಪರವಾನಗಿದಾರನೇ ಆಗಿರಬೇಕು. ಅಂದರೆ ಮೊದಲನೆಯವನು ಎರಡನೆಯವನಿಗೆ ಕೊಡಬಹುದು. ಎರಡನೆಯವನು ಮೂರನೆಯವನಿಗೆ ಕೊಡುವ ಹಾಗಿಲ್ಲ. ದಾನ ಒಂದು ಕೈ ದಾಟಿ ನಿಲ್ಲಬೇಕು.

ಗೆಳೆಯರೇ, ಇದನ್ನು ಓದುವಾಗ ನಮಗೆ ನೆನಪಾದದ್ದು ಹಾಸ್ಟೆಲಿನ ಪಠ್ಯಪುಸ್ತಕಗಳು. ಪಿ.ಯು.ಸಿ. ಅರ್ಥಶಾಸ್ತ್ರದ ಪುಸ್ತಕದ ಮೊದಲ ಹಾಳೆಯಲ್ಲಿ ಆರು ಹೆಸರಿರುತ್ತಿದ್ದವು. ಒಂದರ ಮೇಲೆ ಒಂದು ಗೀಟು ಹೊಡೆದು, ಕೆಳಗೆ ಮುಂದಿನವನ ಹೆಸರು. ಅಂಚಿನಲ್ಲಿ ಯಾವನೋ ಅಣ್ಣ ಬರೆದಿಟ್ಟ ಉತ್ತರಗಳು. ನಮ್ಮ ಓದು ಬಂದದ್ದೇ ಸೆಕೆಂಡ್ ಹ್ಯಾಂಡ್ ದಾರಿಯಲ್ಲಿ. ಹೊಸ ವಸ್ತುವಿನ ವಾಸನೆ ನಮಗೆ ತಿಳಿಯದು. ಸೈಕಲ್ಲು, ಹೊಲಿಗೆ ಮಿಷನ್ನು, ಟ್ರಾನ್ಸಿಸ್ಟರು ಎಲ್ಲವೂ ಮೂರನೆಯ ಕೈಗೆ, ನಾಲ್ಕನೆಯ ಕೈಗೆ ಬಂದವು. ಮೊದಲ ಕೊಳ್ಳುಗನಿಗೆ ಮಾತ್ರ ಕೊಡುವ ಹಕ್ಕು ಎನ್ನುವ ಕಾನೂನು ಯಾರನ್ನು ಹೊರಗಿಡುತ್ತದೆ ಎಂದು ಬಿಡಿಸಿ ಹೇಳಬೇಕೆ? ಕರಾರು ಬರೆದವನಿಗೆ ನಮ್ಮ ಹೆಸರೂ ಗೊತ್ತಿಲ್ಲ, ದ್ವೇಷವೂ ಇಲ್ಲ. ಆದರೂ ಪೆಟ್ಟು ಬೀಳೋದು ನಾಲ್ಕನೆಯ ಕೈಗೇ.

ನಮ್ಮ ಯುವಕ ಸಂಘಕ್ಕೆ ಪಟ್ಟಣದ ಒಂದು ಆಫೀಸು ಆರು ಹಳೆಯ ಕಂಪ್ಯೂಟರ್ ಕೊಟ್ಟಿತು. ಹಾರ, ಫೋಟೋ ಎಲ್ಲಾ ಆಯಿತು. ಡಬ್ಬ ಬಿಚ್ಚಿದರೆ ಹಾರ್ಡ್ ಡಿಸ್ಕುಗಳೇ ಇಲ್ಲ, ಬೆನ್ನ ಮೇಲಿನ ಲೈಸನ್ಸ್ ಚೀಟಿಗಳು ಸವೆದು ಅಕ್ಷರ ಅಳಿಸಿವೆ. ಕೇಳಿದರೆ ಅಲ್ಲಿಯವರು, ನಾವು ಬಳಸುತ್ತಿದ್ದುದು ಸಗಟು ಲೈಸನ್ಸ್, ಅದು ಆಫೀಸಿನದು, ಯಂತ್ರ ಮಾತ್ರ ನಿಮ್ಮದು ಅಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎತ್ತು ಕೊಟ್ಟು ಉಸಿರು ಇಟ್ಟುಕೊಂಡ ಹಾಗೆ.

ಇನ್ನೊಂದು ತಮಾಷೆ ಕೇಳಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಆ್ಯಕ್ಟಿವೇಷನ್ ಎಂಬ ಪದ್ಧತಿ ಮನೆಮನೆಗೆ ಬಂತು. ಯಂತ್ರದ ಬಿಡಿಭಾಗಗಳ ಗುರುತನ್ನು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಒಂದೆರಡು ಬದಲಿಸಿದರೆ ಸುಮ್ಮನಿರುತ್ತದೆ. ಹೆಚ್ಚು ಬದಲಿಸಿದರೆ ಇದು ಬೇರೆ ಯಂತ್ರ ಅನ್ನುತ್ತದೆ, ಮತ್ತೆ ಅನುಮತಿ ಕೇಳಬೇಕು. ಯಂತ್ರದ ಜೊತೆ ಬಂದ ಲೈಸನ್ಸಿನ ಲೆಕ್ಕದಲ್ಲಿ ಮದರ್‌ಬೋರ್ಡ್ ಬದಲಾದರೆ ಯಂತ್ರವೇ ಬದಲಾದಂತೆ. ಕೆಟ್ಟ ಬೋರ್ಡಿನ ಬದಲು ತಯಾರಕನೇ ಹಾಕಿಕೊಟ್ಟರೆ ಮಾತ್ರ ವಿನಾಯಿತಿ. ತತ್ವಶಾಸ್ತ್ರದ ಮೇಷ್ಟ್ರುಗಳು ಎಷ್ಟೋ ಕಾಲದಿಂದ ತಲೆ ಕೆಡಿಸಿಕೊಂಡ ಪ್ರಶ್ನೆ ಇದು: ಭಾಗಗಳೆಲ್ಲ ಬದಲಾದ ಮೇಲೂ ವಸ್ತು ಅದೇ ಹೌದೋ ಅಲ್ಲವೋ? ನಮ್ಮಪ್ಪಂದಿರಿಗೆ ಇದರಲ್ಲಿ ಗೊಂದಲವಿರಲಿಲ್ಲ. ಗುಳ ಸವೆದು ಬೇರೆ ಹಾಕಿಸಿದರೂ, ಈಸು ಮುರಿದು ಹೊಸದು ಕೆತ್ತಿಸಿದರೂ, ಮೇಣಿ ಬದಲಿಸಿದರೂ ಅದು ಅಪ್ಪನ ನೇಗಿಲೇ. ಯಾಕಂದ್ರೆ ಉಳುವ ಕೈ ಅದೇ, ಹೊಲ ಅದೇ. ವಸ್ತುವಿನ ಗುರುತು ಬಳಸುವವನಿಂದ ಬರುತ್ತಿತ್ತು. ಈಗ ಅದು ಮಾರಿದವನಿಂದ ಬರುತ್ತದೆ. ಯಾವ ಭಾಗದಲ್ಲಿ ಆತ್ಮವಿದೆ ಎಂದು ಹೇಳುವ ಅಧಿಕಾರ ಹಿಂದೆ ಪುರೋಹಿತನ ಕೈಲಿತ್ತು, ಈಗ ಕಂಪನಿಯ ವಕೀಲನ ಕೈಲಿದೆ.

ಈ ನಿಯಮಗಳು ಆಕಾಶದಿಂದ ಬಿದ್ದವಲ್ಲ. 2006ರ ಅಕ್ಟೋಬರಿನಲ್ಲಿ ವಿಸ್ತಾ ಎಂಬ ಆವೃತ್ತಿಯ ಕರಾರು ಹೊರಬಂದಾಗ, ಬಿಡಿಯಾಗಿ ಕೊಂಡವನೂ ಅದನ್ನು ಬೇರೆ ಯಂತ್ರಕ್ಕೆ ಒಂದೇ ಒಂದು ಸಲ ಬದಲಾಯಿಸಬಹುದು ಎಂದಿತ್ತು. ಕೊಳ್ಳುವವರು ಗಲಾಟೆ ಮಾಡಿದರು. ನವೆಂಬರಿನಲ್ಲಿ ಕಂಪನಿ ಆ ಮಾತು ತೆಗೆದುಹಾಕಿತು. ಒಂದು ತಿಂಗಳಲ್ಲಿ ಬದಲಾಗುವ ಮಾತು ಸನಾತನ ಧರ್ಮ ಹೇಗಾದೀತು?

ನ್ಯಾಯಾಲಯಗಳೂ ಒಂದೇ ಮಾತು ಹೇಳಿಲ್ಲ. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಒಂದು ಕಾದಂಬರಿಯ ಮೊಕದ್ದಮೆ ಬಂತು. ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದು ಎಂದು ಪ್ರಕಾಶಕರು ಪುಸ್ತಕದೊಳಗೇ ಅಚ್ಚು ಹಾಕಿಸಿದ್ದರು. ಕೋರ್ಟು ಒಪ್ಪಲಿಲ್ಲ: ಒಮ್ಮೆ ಮಾರಿದ ಮೇಲೆ ಮುಂದಿನ ಮಾರಾಟದ ಮೇಲೆ ಕೃತಿಸ್ವಾಮ್ಯದ ಹಿಡಿತವಿಲ್ಲ. ಅದೇ ದೇಶದಲ್ಲಿ 2010ರಲ್ಲಿ ವರ್ನರ್ ಎಂಬಾತ ಹಳೆಯ ಆಟೋಕ್ಯಾಡ್ ಪ್ರತಿಗಳನ್ನು ಮಾರಲು ಹೋದಾಗ ಮೇಲ್ಮನವಿ ನ್ಯಾಯಾಲಯ ಆಟೋಡೆಸ್ಕ್ ಕಂಪನಿಯ ಪರ ನಿಂತಿತು. ಅದು ನಕ್ಷೆ ಬರೆಯುವ ತಂತ್ರಾಂಶ, ಆದರೆ ತೀರ್ಪಿನ ತಿರುಳು ಎಲ್ಲಾ ತಂತ್ರಾಂಶಕ್ಕೂ ತಾಗುವಂಥದ್ದು: ಪರವಾನಗಿ ಪಡೆದವನು ಮಾಲೀಕನಲ್ಲ. ಅತ್ತ ಜರ್ಮನಿಯ ಉಚ್ಚ ನ್ಯಾಯಾಲಯ 2000ದಲ್ಲೇ, ಯಂತ್ರದ ಜೊತೆಗೆಂದು ಬಂದ ವಿಂಡೋಸನ್ನು ಯಂತ್ರವಿಲ್ಲದೆ ಮಾರುವುದನ್ನು ಮೈಕ್ರೋಸಾಫ್ಟ್ ತಡೆಯಲಾಗದು ಎಂದಿತ್ತು. 2012ರ ಜುಲೈ 3ರಂದು ಯೂರೋಪಿನ ನ್ಯಾಯಾಲಯ ಒರಾಕಲ್ ಕಂಪನಿಯ ಮೊಕದ್ದಮೆಯಲ್ಲಿ ಇನ್ನೂ ಮುಂದಕ್ಕೆ ಹೋಯಿತು: ಕಾಲಮಿತಿಯಿಲ್ಲದೆ ಕೊಟ್ಟ ಲೈಸನ್ಸ್ ಎಂದರೆ ಮಾರಾಟವೇ, ಮಾರುವವನು ತನ್ನ ಪ್ರತಿಯನ್ನು ಬಳಸದಂತೆ ಮಾಡಿದರೆ ಸಾಕು. ಇತ್ತ ಮಾಲೀಕನಾದವನು ಅಟ್ಲಾಂಟಿಕ್ ದಾಟಿದರೆ ಗೇಣಿದಾರ!

ಹಾಗಾದರೆ ಬರೆದವನ ಕೂಲಿ? ಈ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ಬೇರೆ ಯಾರಿಗಿದ್ದರೂ ನಮಗಿಲ್ಲ. ಕೂಲಿ ಕೊಡದೆ ದುಡಿಸಿಕೊಂಡವರ ಮಕ್ಕಳು ನಾವಲ್ಲ, ದುಡಿದವರ ಮಕ್ಕಳು. 1976ರ ಫೆಬ್ರವರಿಯಲ್ಲಿ ಇಪ್ಪತ್ತರ ಹುಡುಗ ಬಿಲ್ ಗೇಟ್ಸ್ ತನ್ನ ತಂತ್ರಾಂಶವನ್ನು ಕಾಸಿಲ್ಲದೆ ನಕಲು ಮಾಡಿಕೊಳ್ಳುತ್ತಿದ್ದ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದ. ಪುಕ್ಕಟೆ ಯಾರು ದುಡಿಯುತ್ತಾರೆ ಎಂಬುದೇ ಅವನ ಪ್ರಶ್ನೆ. (ಅದೇ ವರ್ಷ ನಮ್ಮ ದೇಶದಲ್ಲಿ ಜೀತ ಪದ್ಧತಿ ರದ್ಧತಿ ಕಾಯ್ದೆ ಬಂತು. ಲೈಸನ್ಸನ್ನು ಜೀತಕ್ಕೆ ಹೋಲಿಸಿ ಭಾಷಣ ಬಿಗಿಯುವವರನ್ನು ಕಂಡಿದ್ದೇವೆ. ಜೀತವಿದ್ದವನ ಬೆನ್ನು ನೋಡಿದವರು ಆ ಹೋಲಿಕೆ ಮಾಡಲಾರರು.) ಪ್ರಶ್ನೆ ನ್ಯಾಯವಾದದ್ದೇ. ಆದರೆ ನಕಲು ಬೇರೆ, ವರ್ಗಾವಣೆ ಬೇರೆ. ನಕಲು ಮಾಡಿದಾಗ ಒಂದು ಎರಡಾಗುತ್ತದೆ. ವರ್ಗಾವಣೆಯಲ್ಲಿ ಒಂದು ಒಂದಾಗಿಯೇ ಉಳಿಯುತ್ತದೆ. ಕೊಟ್ಟವನು ಕಳೆದುಕೊಳ್ಳುತ್ತಾನೆ, ಪಡೆದವನು ಪಡೆಯುತ್ತಾನೆ. ಆ ಒಂದರ ಕೂಲಿ ಮೊದಲ ದಿನವೇ ಸಂದಿದೆ. ಯಂತ್ರ ಸತ್ತಾಗ ಲೈಸನ್ಸೂ ಸಾಯಬೇಕು ಅನ್ನೋದು ಕೂಲಿಯ ಮಾತಲ್ಲ, ಅದೇ ಗದ್ದೆಗೆ ಎರಡು ಸಲ ಗುತ್ತಿಗೆ ವಸೂಲಿ ಮಾಡುವ ಮಾತು.

ಇನ್ನು ನಕಲಿನ ಬಗ್ಗೆ. ಬೀದಿಯಲ್ಲಿ ಸಿಗುವ ಕಳ್ಳ ಪ್ರತಿ ಹಾಕಿಕೊಳ್ಳೋದನ್ನೇ ಬಂಡಾಯ ಅನ್ನುವ ಗೆಳೆಯರಿದ್ದಾರೆ. ನಾವು ಒಪ್ಪೋದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ, ತಿಳಿದೂ ಕಳ್ಳ ಪ್ರತಿ ಬಳಸಿದವನಿಗೆ 7 ದಿನದಿಂದ 3 ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. ಲಾಭಕ್ಕಾಗಿ ಬಳಸದಿದ್ದರೆ ಸಜೆ ಬಿಟ್ಟು ದಂಡ ಮಾತ್ರ ಹಾಕಬಹುದು. ನಮ್ಮ ತಕರಾರು ಸಜೆಯ ಹೆದರಿಕೆಯಿಂದ ಹುಟ್ಟಿದ್ದಲ್ಲ. ನಮ್ಮ ಹುಡುಗರು ಲಾಠಿ ಕಂಡವರೇ. ಬಂಡಾಯ ಬಹಿರಂಗವಾಗಿ ನಡೆಯಬೇಕು. ಕೆರೆಗೆ ಹಗಲು ಇಳಿಯಬೇಕು, ರಾತ್ರಿ ಕದ್ದು ಕೊಡ ತುಂಬಿ ತಂದರೆ ಕೆರೆ ಅವರದಾಗಿಯೇ ಉಳಿಯುತ್ತೆ. ಕಳ್ಳ ಪ್ರತಿ ಕೂಡ ಮಾಲೀಕನ ಅಭ್ಯಾಸವನ್ನೇ ನಮ್ಮ ಕೈಗೆ ಕಲಿಸುತ್ತದೆ, ಜೊತೆಗೆ ನಮ್ಮ ಮಗುವಿಗೆ ಕಂಪ್ಯೂಟರಿನ ಮೊದಲ ಪಾಠವೇ ತಾನು ಕಳ್ಳ ಎಂಬುದಾಗುತ್ತದೆ. ಆ ಪಟ್ಟ ನಮಗೆ ಬೇರೆ ಕಡೆಯಿಂದ ಬೇಕಾದಷ್ಟು ಸಿಕ್ಕಿದೆ.

ವರ್ಗಾವಣೆಯ ಮೇಲಿನ ತಡೆಗಳೆಲ್ಲ ಕೆಟ್ಟವೇ ಎಂದು ಯಾರಾದರೂ ಕೇಳಿದರೆ ಅಲ್ಲ ಎನ್ನುತ್ತೇವೆ. 1978ರ ನಮ್ಮ ರಾಜ್ಯದ ಪಿ.ಟಿ.ಸಿ.ಎಲ್. ಕಾಯ್ದೆಯನ್ನೇ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದರೆ ಅಸಿಂಧು. ಜಮೀನು ಕೊಂಡ ಬಲಾಢ್ಯರು ಕೋರ್ಟಿಗೆ ಹೋದರು, 1984ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಅದಕ್ಕಾಗಿ ನಾವೇ ಬೀದಿಗಿಳಿದಿದ್ದೇವೆ, ಅದೂ ಕೊಡುವ ಹಕ್ಕಿಗೆ ಹಾಕಿದ ಬೇಲಿಯೇ. ಹಾಗಾದರೆ ನಮ್ಮ ಮಾತಿನಲ್ಲಿ ಎರಡು ನಾಲಗೆಯೇ? ಬೇಲಿ ಯಾರ ಬೆಳೆ ಕಾಯುತ್ತದೆ ಅನ್ನೋದನ್ನು ನೋಡಬೇಕು. ಆ ಬೇಲಿ ಸಾಲಕ್ಕೆ, ಹೆದರಿಕೆಗೆ, ಒಂದು ಬಾಟಲಿ ಸಾರಾಯಿಗೆ ಜಮೀನು ಬಿಡಿಸಿಕೊಳ್ಳುವ ಬಲಾಢ್ಯನಿಂದ ಇಲ್ಲದವನನ್ನು ಕಾಯುತ್ತದೆ. ಈ ಬೇಲಿ ಮೂರನೆಯ, ನಾಲ್ಕನೆಯ ಕೈಯಿಂದ ಕಂಪನಿಯನ್ನು ಕಾಯುತ್ತದೆ.

ಇಲ್ಲದವನ ಕಡೆ ನಿಂತ ಬೇಲಿ ತಂತ್ರಾಂಶದಲ್ಲೂ ಇದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಸ್ವತಂತ್ರ ವ್ಯವಸ್ಥೆ ಕಟ್ಟುವುದಾಗಿ ಸಾರಿದರು, 1989ರಲ್ಲಿ ಅದಕ್ಕೊಂದು ಸಾರ್ವಜನಿಕ ಲೈಸನ್ಸ್ ಬಂತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳು ಬರೆದರು. ಅದನ್ನು ಎಷ್ಟು ಯಂತ್ರಕ್ಕಾದರೂ ಹಾಕಿ, ನಕಲು ಮಾಡಿ, ತಿದ್ದಿ, ಹಂಚಿ, ಬೇಕಾದರೆ ದುಡ್ಡಿಗೂ ಮಾರಿ. ಒಂದೇ ತಡೆ: ನಿಮಗೆ ಸಿಕ್ಕ ಹಕ್ಕನ್ನು ನಿಮ್ಮಿಂದ ಪಡೆಯುವವನಿಗೂ ಕೊಡಬೇಕು. ನಮ್ಮ ಆರು ಯಂತ್ರಗಳು ಈಗ ಇದರಲ್ಲೇ ನಡೆಯುತ್ತಿವೆ. ಕೇರಳದ ಸರ್ಕಾರಿ ಶಾಲೆಗಳು ಇದರಲ್ಲೇ ಕಲಿಸುತ್ತಿವೆ. ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿ ಅಂಬೇಡ್ಕರರ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ಸ್ವತಂತ್ರ ತಂತ್ರಾಂಶದ ಯುವಕರು ನಡೆಸಿದ್ದೂ ಇದರ ಮೇಲೆಯೇ.

ಕೆಲಸಕ್ಕೆ ಹೋದ ಕಡೆ ಕೇಳೋದು ವಿಂಡೋಸನ್ನೇ ಅಲ್ವೇನ್ರೀ ಎಂದು ಹುಡುಗರು ಕೇಳುತ್ತಾರೆ. ನಿಜ. ಹೊಟ್ಟೆಪಾಡಿಗೆ ಅದನ್ನೂ ಕಲಿಯಲಿ. ಇಂಗ್ಲಿಷು ಕಲಿತ ಹಾಗೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತೆಯ ಅಂಗ, ಹೊಸ ಕಾಲದ ಪ್ರೊಸೆಸರು ಬೇಕು. ಆ ನಿಯಮಕ್ಕೆ ಒಗ್ಗದ, ಆದರೆ ಗಟ್ಟಿಮುಟ್ಟಾದ ಯಂತ್ರಗಳು ಆಫೀಸುಗಳಿಂದ ಹೊರಬೀಳುತ್ತಿವೆ. ಇವು ಗುಜರಿಗೆ ಹೋಗುವ ಮೊದಲು ಕೇಳಿ ಪಡೆಯಿರಿ ಎಂದು ಹಳ್ಳಿಯ ಮೇಷ್ಟ್ರುಗಳಿಗೆ ಹೇಳುತ್ತೇವೆ. ಪಡೆಯುವಾಗ ಹಾರಕ್ಕಿಂತ ಮೊದಲು ಹಾರ್ಡ್ ಡಿಸ್ಕ್ ಇದೆಯೇ ನೋಡಿ, ಕೊಟ್ಟದ್ದಕ್ಕೆ ಕಾಗದ ಬರೆಸಿಕೊಳ್ಳಿ. ಕನ್ನಡ ಟೈಪ್ ಮಾಡೋದು ಹೇಗೆ ಎಂಬ ಆತಂಕ ಬೇಡ: ಯೂನಿಕೋಡ್ ಅಕ್ಷರ ಲಿನಕ್ಸ್‌ನಲ್ಲಿ ಸಲೀಸಾಗಿ ಮೂಡುತ್ತದೆ, ಕೀಲಿಮಣೆಯ ಪಟ್ಟಿಯಲ್ಲಿ ಕಗಪ ಎಂಬ ಹೆಸರನ್ನು ಆರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳುಗಳು ಹಾಗೇ ಓಡುತ್ತವೆ.